ಬೀಗ ಹಾಕಿದ ದನಿ

ಜನವರಿ ೧೪

ಡಾಕ್ಟರು ಇವತ್ತು ನನ್ನ ಬಾಯಿಗೆ ಬೀಗ ಹಾಕಿದರು. ಹತ್ತು ದಿನ ಒಂದು ಮಾತೂ ಕೂಡದು, ಪಿಸುಮಾತಂತೂ ಬೇಡವೇ ಬೇಡ, ಅದು ಗಂಟಲಿಗೆ ಇನ್ನೂ ಕೇಡು ಎಂದರು. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದೇ ಕಸುಬಾದವಳಿಗೆ ಸುಮ್ಮನಿರು ಎಂದರೆ ಹೇಗಾದೀತು? ಸಂಜೆ ಇವರು ತಮ್ಮ ಕನ್ನಡಕದ ಅಂಗಡಿ ಮುಚ್ಚಿ ಬರುವಾಗ ಈ ಡೈರಿಯನ್ನೂ ಒಂದು ಸ್ಲೇಟನ್ನೂ ತಂದುಕೊಟ್ಟರು. ಸ್ಲೇಟು ಮನೆಯವರಿಗೆ, ಡೈರಿ ನನಗೆ.

ಅತ್ತೆ ಖುಷಿಯಾಗಿದ್ದಾರೆ. ಸೊಸೆ ಎದುರಾಡದ ಹತ್ತು ದಿನ ಯಾವ ಅತ್ತೆಗೆ ಸಿಕ್ಕೀತು ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಆದರೆ ಅವರಿಗೆ ಕಣ್ಣು ತೀರ ಮಂಜು. ನಾನು ತಲೆಯಾಡಿಸಿದ್ದು ಕಾಣುವುದಿಲ್ಲ, ಸ್ಲೇಟು ಮೊದಲೇ ಕಾಣುವುದಿಲ್ಲ. ಹೌದಾದರೆ ಅವರ ಕೈಯನ್ನು ಒಂದು ಸಲ ತಟ್ಟಬೇಕು, ಇಲ್ಲವಾದರೆ ಎರಡು ಸಲ ಎಂದು ಒಪ್ಪಂದವಾಗಿದೆ.

ನಿನ್ನೆ ನನ್ನ ಆಡಿಯೊ ಪುಸ್ತಕದ ಕಂಪನಿಯ ಹೊಸ ಕರಾರಿಗೆ ಸಹಿ ಹಾಕಿ ಬಂದೆ. ಒಂದು ಷರತ್ತು ಹೊಸದಾಗಿ ಸೇರಿದೆ. ನನ್ನ ರೆಕಾರ್ಡಿಂಗುಗಳಿಂದ, ಈಗಿರುವ ಅಥವಾ ಮುಂದೆ ಬರುವ ಯಾವುದೇ ಯಂತ್ರ ತಯಾರಿಸುವ ದನಿಯೂ ಕಂಪನಿಯದೇ ಸ್ವತ್ತು. ಮ್ಯಾನೇಜರು ಅದನ್ನು ಮುಜುಗರದಿಂದಲೇ ತೋರಿಸಿದರು. ನಾನೇ ಅವರಿಗೆ ಸಮಾಧಾನ ಹೇಳಿದೆ. ಸ್ವಲ್ಪ ಹೊತ್ತಿನ ದನಿ ಸಿಕ್ಕರೆ ಸಾಕು, ಕಂಪ್ಯೂಟರು ಆ ಮನುಷ್ಯನ ಹಾಗೇ ಮಾತಾಡುವ ಕಾಲ ಇದು. ನಾಳೆ ಯಾವನೋ ನನ್ನ ದನಿಯಲ್ಲಿ ಬೊಕ್ಕತಲೆಯ ಎಣ್ಣೆ ಮಾರಿದರೆ ಯಾರನ್ನು ಕೇಳುವುದು? ಬೀಗ ಎಷ್ಟು ಭದ್ರವೋ ಅಷ್ಟು ಒಳ್ಳೆಯದು. ಪ್ರತಿ ರೆಕಾರ್ಡಿಂಗಿನೊಳಗೂ ಕಿವಿಗೆ ಕೇಳಿಸದ ಒಂದು ಗುರುತು ಹುದುಗಿಸಿದ್ದಾರಂತೆ. ಎಲ್ಲಿ ಹೋದರೂ ಇದು ಕಂಪನಿಯದು ಎಂದು ಅದು ಹೇಳುತ್ತದಂತೆ. ದನಕ್ಕೆ ಹಾಕುವ ಬರೆಯ ಹಾಗೆ ಎಂದೆ. ಇಬ್ಬರೂ ನಕ್ಕೆವು. ಆ ನಗುವಿನಲ್ಲೇ ಗಂಟಲು ಸೀಳಿದ್ದು.

ಜನವರಿ ೧೭

ಕಾರ್ಡಣ್ಣ ಸಿಕ್ಕಿಬಿದ್ದ. ಬಸ್ ನಿಲ್ದಾಣದ ಹಿಂದೆ ರೇಡಿಯೊ, ಮೊಬೈಲು ರಿಪೇರಿ ಮಾಡುವವನು. ಮೆಮೊರಿ ಕಾರ್ಡಿಗೆ ಹಾಡು, ಕತೆ ತುಂಬಿಕೊಡುತ್ತಾನೆಂದು ಊರೆಲ್ಲ ಹಾಗೆ ಕರೆಯುತ್ತದೆ. ನಾನು ಓದಿದ ನಲವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಒಂದೇ ಕಾರ್ಡಿಗೆ ತುಂಬಿ, ಒಂದು ಊಟದ ಬೆಲೆಗೆ ಮಾರುತ್ತಿದ್ದನಂತೆ. ಪೊಲೀಸರು ಅಂಗಡಿಯ ಕಂಪ್ಯೂಟರನ್ನೇ ಹೊತ್ತೊಯ್ದಿದ್ದಾರೆ. ದೂರಿಗೆ ನನ್ನ ಸಹಿಯೂ ಬೇಕೆಂದು ಕಂಪನಿಯ ವಕೀಲೆ ಮನೆಗೇ ಬಂದಿದ್ದರು. ಸಾಕ್ಷಿಗಳಲ್ಲಿ ಮೊದಲನೆಯವಳು ನಾನು. ಕಾಗದದ ಬೆನ್ನಿಗೂ ಮೂಡುವಷ್ಟು ಒತ್ತಿ ಸಹಿ ಹಾಕಿದೆ.

ಒಂದೊಂದು ಪುಸ್ತಕಕ್ಕೂ ನಾನು ತಣ್ಣೀರು ಮುಟ್ಟದೆ, ಗಾಳಿಯಾಡದ ಪೆಟ್ಟಿಗೆಯಂಥ ಕೋಣೆಯಲ್ಲಿ, ಹೊಟ್ಟೆ ಗುರ್ ಎಂದರೆ ಇಡೀ ಪುಟವನ್ನೇ ಮತ್ತೆ ಓದುತ್ತ ಕೂತಿದ್ದೇನೆ. ಇವನು ಒಂದು ಗುಂಡಿ ಒತ್ತಿದ. ಇದಕ್ಕೆ ಕಳ್ಳತನವಲ್ಲದೆ ಬೇರೆ ಹೆಸರಿದ್ದರೆ ಹೇಳಲಿ. ಇವರ ಮುಂದೆ ಇದನ್ನೆಲ್ಲ ಸ್ಲೇಟು ತುಂಬ ಬರೆದೆ. ಇವರು ಓದಿ, ಕನ್ನಡಕ ಒರೆಸಿಕೊಂಡರು.

ಜನವರಿ ೨೫

ಗಂಟು ಇದೆ. ಎಡಗಡೆಯ ಧ್ವನಿತಂತುವಿನ ಮೇಲೆ. ತೆಗೆದು ಪರೀಕ್ಷೆಗೆ ಕಳಿಸಬೇಕಂತೆ. ತೆಗೆದ ಮೇಲೆ ದನಿ ಹೇಗಿರುತ್ತದೆ ಎಂದು ಬರೆದು ಕೇಳಿದೆ. ಡಾಕ್ಟರು ಮೊದಲು ಜೀವ ನೋಡೋಣ ಎಂದರು. ನಾನು ಕೇಳಿದ್ದೂ ಜೀವವನ್ನೇ.

ಫೆಬ್ರವರಿ ೬

ಆಪರೇಷನ್ ಆಯಿತು. ಬರೆಯಲು ಮನಸ್ಸಿಲ್ಲ.

ಫೆಬ್ರವರಿ ೧೫

ಗಂಟು ಕೆಟ್ಟದ್ದೇ. ಆದರೆ ಪೂರ್ತಿ ತೆಗೆದಿದ್ದಾರೆ, ಬೇರೆಲ್ಲೂ ಹರಡಿಲ್ಲ. ಇವರು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತರು. ಗಂಟಿನ ಜೊತೆ ತಂತುವಿನ ಅರ್ಧವೂ ಹೋಗಿದೆ. ಇವತ್ತು ಮಾತಾಡಿ ನೋಡಿ ಎಂದರು ಡಾಕ್ಟರು. ನನ್ನ ಹೆಸರು ಹೇಳಲು ಹೋದೆ. ಹರಿದ ಚೀಲದಿಂದ ಗಾಳಿ ಹೋದ ಹಾಗೆ ಏನೋ ಬಂತು. ನರ್ಸು ‘ಏನಂದ್ರಿ?’ ಎಂದು ಕೇಳಿದಳು.

ಇನ್ನು ಬಾಯಿ ತೆರೆಯುವುದಿಲ್ಲ.

ಫೆಬ್ರವರಿ ೨೪

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರೊಬ್ಬರಿದ್ದಾರೆ. ‘ಊಂ’ ಎಂದು ಉದ್ದಕ್ಕೆ ದನಿ ಎಳೆಯುವ ಅಭ್ಯಾಸ ಕೊಟ್ಟಿದ್ದರು. ಮಾಡಲಿಲ್ಲ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಕಂಪ್ಯೂಟರು ಈಚೆಗೆ ತಿರುಗಿಸಿ ಒಂದು ಆ್ಯಪ್ ತೋರಿಸಿದರು. ಹಳೆಯ ದನಿಯನ್ನು ಅದಕ್ಕೆ ಕೇಳಿಸಿದರೆ ಕಲಿತುಕೊಳ್ಳುತ್ತದೆ. ಆಮೇಲೆ ನಾವು ಟೈಪ್ ಮಾಡಿದ್ದನ್ನು ನಮ್ಮದೇ ದನಿಯಲ್ಲಿ ಆಡುತ್ತದೆ. ಬೇರೆ ರೋಗಿಗಳು ಮದುವೆ ವಿಡಿಯೊ ಹುಡುಕಿ ಎರಡು ಮಾತು ಹೆಕ್ಕಿ ತರುತ್ತಾರಂತೆ, ನನ್ನಷ್ಟು ಅದೃಷ್ಟವಂತರು ಯಾರೂ ಇಲ್ಲವಂತೆ.

ನಾನು ಓದಿದ ಒಂದು ಕಾದಂಬರಿಯನ್ನು ಟೀಚರು ಆ್ಯಪಿಗೆ ಕೊಟ್ಟರು. ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ಪರದೆಯ ಮೇಲೆ ಕೆಂಪು ಅಕ್ಷರ: ಈ ದನಿ ನೋಂದಾಯಿತ ಸ್ವತ್ತು, ಹಕ್ಕುದಾರರ ಅನುಮತಿಯಿಲ್ಲದೆ ಬಳಸುವಂತಿಲ್ಲ. ಇನ್ನೊಂದು ಪುಸ್ತಕ ಕೊಟ್ಟರು. ಅದಕ್ಕೂ ಅದೇ ಉತ್ತರ. ನಾನು ಸ್ಲೇಟಿನ ಮೇಲೆ ‘ದನಿ ನನ್ನದು’ ಎಂದು ಬರೆದು ತೋರಿಸಿದೆ. ಟೀಚರಿಗಲ್ಲ, ಕಂಪ್ಯೂಟರಿಗೆ. ಟೀಚರಿಗೆ ನಗು ತಡೆಯಲಾಗಲಿಲ್ಲ. ನನಗೆ ಬರಲಿಲ್ಲ.

ಮನೆಗೆ ಬಂದು ಗುರುತಿಲ್ಲದ ದನಿಗಾಗಿ ಎಲ್ಲರ ಫೋನೂ ಜಾಲಾಡಿದೆವು. ಸಿಕ್ಕಿದ್ದು ‘ಹಾಲು ತನ್ನಿ’, ‘ಬಸ್ ಸಿಕ್ತು’, ‘ಚಾವಿ ಎಲ್ಲಿ’ ಅಷ್ಟೇ, ಅವೂ ರಸ್ತೆಯ ಗದ್ದಲದಲ್ಲಿ.

ಫೆಬ್ರವರಿ ೨೭

ಅನುಮತಿ ಕೇಳಿ ಕಂಪನಿಗೆ ಬರೆದಿದ್ದೆ. ಮ್ಯಾನೇಜರು ಹಣ್ಣು ಹಿಡಿದುಕೊಂಡು ತಾವೇ ಬಂದರು. ಹಣ್ಣು ಕಂಡಾಗಲೇ ಉತ್ತರ ತಿಳಿಯಿತು. ಮೇಲಿನವರು ಒಪ್ಪುತ್ತಿಲ್ಲ. ಗುರುತಿಲ್ಲದ ದನಿ ಒಂದು ಸಲ ಹೊರಗಿನ ಆ್ಯಪಿಗೆ ಹೋದರೆ ನಾಳೆ ಸಾವಿರ ಕಡೆ ಇರುತ್ತದೆ, ಆಮೇಲೆ ಹಿಂದಕ್ಕೆ ತರಲಾಗದು ಎಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ. ಮೊನ್ನೆಯವರೆಗೆ ನನ್ನದೂ ಅದೇ ಆಗಿತ್ತು.

ಚಹಾ ಮುಗಿಸಿ ಇನ್ನೊಂದು ವಿಷಯ ತೆಗೆದರು. ಕಂಪನಿಯೇ ನನ್ನ ದನಿಯನ್ನು ಯಂತ್ರಕ್ಕೆ ಕಲಿಸಿ ಹೊಸ ಪುಸ್ತಕಗಳನ್ನು ಓದಿಸುತ್ತದಂತೆ. ನಾನು ಒಪ್ಪಬೇಕೆಂದೇನೂ ಇಲ್ಲ, ಷರತ್ತು ಇದ್ದೇ ಇದೆ. ಆದರೂ ನನ್ನ ಹೆಸರು ಹಾಕಲು ಒಂದು ಸಹಿ ಬೇಕು, ಪಾಲೂ ಕೊಡುತ್ತಾರೆ. ಹಾಗಾದರೆ ನನ್ನ ದನಿ ಊರಿಗೆಲ್ಲ ಕತೆ ಹೇಳುತ್ತದೆ, ನನ್ನ ಮನೆಯಲ್ಲಿ ಊಟಕ್ಕೆ ಕರೆಯಲಿಕ್ಕೆ ಮಾತ್ರ ಇಲ್ಲ ಎಂದು ಬರೆದೆ. ಅವರು ಓದಿ ಸ್ಲೇಟನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಅಕ್ಕ, ನನ್ನ ಕೈಲಿದ್ದಿದ್ರೆ ಪೆನ್‌ಡ್ರೈವಲ್ಲಿ ಹಾಕಿ ತಂದುಕೊಡ್ತಿದ್ದೆ. ಆ ಷರತ್ತು ಬರೆದಿದ್ದು ಕಳ್ಳರಿಗೆ ಅಂತ. ನಿಮಗೇ ಬಂದು ತಗಲುತ್ತೆ ಅಂತ ಯಾರಿಗೆ ಗೊತ್ತಿತ್ತು?”

ಸಹಿ ಹಾಕಲಿಲ್ಲ. ಹಣ್ಣನ್ನೂ ಮುಟ್ಟಲಿಲ್ಲ. ಅತ್ತೆ ತಿಂದರು.

ಮಾರ್ಚ್ ೨

ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದೆ. ಅತ್ತೆಯ ಕೋಣೆಯಿಂದ ನಾನು ಮಾತಾಡುವುದು ಕೇಳಿಸಿತು. ಕೈಯಲ್ಲಿದ್ದ ಅಂಗಿ ಬಿತ್ತು. ಒಳಗೆ ಹೋದರೆ ಅತ್ತೆ ಸಾಬೂನಿನ ಗಾತ್ರದ ಒಂದು ಡಬ್ಬಿಯನ್ನು ಕಿವಿಗೆ ಒತ್ತಿಕೊಂಡು ಮಲಗಿದ್ದಾರೆ. ನನ್ನ ಹೆಜ್ಜೆ ಕೇಳಿ ಡಬ್ಬಿಯನ್ನು ದಿಂಬಿನಡಿಗೆ ತಳ್ಳಿದರು. ದಿಂಬಿನಡಿಯಿಂದಲೂ ನಾನು ಓದುತ್ತಲೇ ಇದ್ದೆ.

ಡಬ್ಬಿಯೊಳಗಿದ್ದದ್ದು ಕಾರ್ಡಣ್ಣನ ಕಾರ್ಡು. ತಂದುಕೊಟ್ಟವರು ಇವರು. ಹೋದ ವರ್ಷವೇ ತಂದದ್ದಂತೆ. ನಾನು ಆ ಮನುಷ್ಯನ ಮೇಲೆ ದೂರು ಬರೆಯುತ್ತಿದ್ದಾಗ ಇವರು ಪಕ್ಕದಲ್ಲೇ ಕೂತು ಕನ್ನಡಕ ಒರೆಸುತ್ತಿದ್ದರು. ಸಂಜೆ ಇವರು ಬಂದ ಕೂಡಲೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. ಉತ್ತರ ಕೊಟ್ಟವರು ಅತ್ತೆ.

“ಅವನನ್ನ ಯಾಕೆ ಬೈತೀಯ, ಕೇಳಿದ್ದು ನಾನು. ನಿನ್ನ ಕಂಪನಿದು ಪಾಸ್‌ವರ್ಡ್ ಕೇಳುತ್ತೆ. ನೆಟ್ ಹೋದ್ರೆ ಕತೆ ಅರ್ಧಕ್ಕೆ ನಿಲ್ಲುತ್ತೆ. ಕಣ್ಣು ಕಾಣದೋಳು ಯಾವ ಅಕ್ಷರ ಒತ್ತಲಿ? ಇದಕ್ಕೆ ಒಂದೇ ಗುಂಡಿ. ಒತ್ತಿದ್ರೆ ನೀನು ಮಾತಾಡ್ತೀಯ.”

ಬೈದಿರಲಿಲ್ಲ ನಾನು. ಬೈಯಲು ಬಾಯಿ ಎಲ್ಲಿದೆ? ಆದರೂ ಅವರಿಗೆ ಕೇಳಿಸಿದೆ. ಊಟ ಬಿಟ್ಟು ಮಲಗಿದೆ. ಇವರು ಬಾಗಿಲಲ್ಲಿ ನಿಂತು, ಕದಿಯುವವರು ಕಂಪನಿಯ ಗುರುತನ್ನು ಅಳಿಸಿಯೇ ಕದಿಯುತ್ತಾರೆ, ಕಾರ್ಡಣ್ಣನ ಕಾರ್ಡಿನಲ್ಲಿ ಅದು ಇರಲಾರದು, ಟೀಚರಿಗೆ ಒಮ್ಮೆ ತೋರಿಸಬಾರದೇ ಎಂದರು. ಗೋಡೆಯ ಕಡೆ ತಿರುಗಿಕೊಂಡೆ.

ಮಾರ್ಚ್ ೬

ತೋರಿಸಿದೆ. ಆ್ಯಪ್ ಒಂದು ಮಾತಾಡದೆ ತೆಗೆದುಕೊಂಡಿತು. ಕದ್ದ ದನಿಗೆ ತಕರಾರಿಲ್ಲ.

ಆದರೆ ತಯಾರಾದ ದನಿ ಡಬ್ಬದೊಳಗಿಂದ ಬಂದಂತಿದೆ. ಅಷ್ಟೊಂದು ಪುಸ್ತಕಗಳನ್ನು ಒಂದೇ ಕಾರ್ಡಿಗೆ ತುರುಕಲು ಹಿಂಡಿದ್ದಾನಲ್ಲ, ಅದಕ್ಕೆ. ಹಿಂಡುವ ಮುಂಚಿನ ದೊಡ್ಡ ಫೈಲು ಬೇಕೆಂದರು ಟೀಚರು. ಅದು ಕಂಪನಿಯ ಹತ್ತಿರ ಇದೆ. ಇಲ್ಲವೇ ಅವನ ಹತ್ತಿರ.

ಮಾರ್ಚ್ ೯

ಹೋದೆ. ಯಾರಿಗೂ ಹೇಳಲಿಲ್ಲ.

ಅಂಗಡಿಯಲ್ಲಿ ಕಂಪ್ಯೂಟರು ಇದ್ದ ಜಾಗದಲ್ಲಿ ಧೂಳಿನ ಚೌಕವಿತ್ತು. ಅವನು ನನಗಿಂತ ಹಿರಿಯ, ತಲೆ ಪೂರ್ತಿ ಬೆಳ್ಳಗಿದೆ. ಒಂದು ರೇಡಿಯೊ ಬಿಚ್ಚಿಕೊಂಡು ಕೂತಿದ್ದ. ಸ್ಲೇಟಿನಲ್ಲಿ ನಾನು ಯಾರೆಂದು ಬರೆದದ್ದೇ ತಡ, ಕೈಯಲ್ಲಿದ್ದ ಸ್ಕ್ರೂ ಡ್ರೈವರು ಕೆಳಗಿಟ್ಟು ಎದ್ದು ನಿಂತ. ತನ್ನನ್ನು ಸಿಕ್ಕಿಸಲು ಕಂಪನಿಯವರು ಕಳಿಸಿದ್ದಾರೆಂದು ಅವನ ಎಣಿಕೆ. ಏನೂ ಇಲ್ಲ, ಎಲ್ಲ ಪೊಲೀಸರು ಒಯ್ದರು ಎಂದು ಬಡಬಡಿಸಿದ. ನಾನು ಕುತ್ತಿಗೆಯ ವಸ್ತ್ರ ಸರಿಸಿ ಆಪರೇಷನ್ನಿನ ಗಾಯ ತೋರಿಸಿ, ಬಾಯಿ ತೆರೆದು, ‘ಕತೆ’ ಎಂದೆ. ಒಂದೇ ಶಬ್ದ. ಅವನ ಮುಖ ಬದಲಾಯಿತು. ನನ್ನ ದನಿ ಹೇಗಿತ್ತೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕುರ್ಚಿ ಎಳೆದುಕೊಟ್ಟ. ಅವನೇನೂ ಸಾಧುವಲ್ಲ, ಸುಳ್ಳು ಬರೆಯಬಾರದು. ತಾನೊಬ್ಬನೇ ಮಾರುತ್ತಿರಲಿಲ್ಲ, ಬೀಗ ಮುರಿದವನು ತಾನಲ್ಲ, ಅದು ನೆಟ್ಟಿನಲ್ಲಿ ಎಲ್ಲಿಂದಲೋ ಇಳಿದು ಬರುತ್ತದೆ, ಕಂಪನಿಯವರಿಗೆ ಏನು ಕಮ್ಮಿ ಎಂದು ಹಳೇ ಪಾಠವನ್ನೆಲ್ಲ ಒಪ್ಪಿಸಿದ. ದೊಡ್ಡ ಫೈಲು ತಂಗಿಯ ಮನೆಯಲ್ಲಿ ಇದೆಯಂತೆ. ಕೊಡುತ್ತೇನೆ, ಆದರೆ ದೂರು ಹಿಂದಕ್ಕೆ ತಗೊಳ್ತೀರಾ ಎಂದ.

‘ಮಾತು ಕೊಡಲಾರೆ’ ಎಂದು ಬರೆದೆ. ಅವನು ಓದಿ, ನನ್ನ ಕುತ್ತಿಗೆ ನೋಡಿ, “ಗೊತ್ತಾಗುತ್ತೆ ಅಮ್ಮ, ಪಾಪ” ಎಂದ. ನಾನು ಹೇಳಿದ್ದು ಆ ಮಾತಲ್ಲ ಎಂದು ವಿವರಿಸಲು ಹೋಗಿ ಸ್ಲೇಟು ಒರೆಸಿಬಿಟ್ಟೆ. ಸಂಜೆ ಫೈಲನ್ನು ಇವರ ಅಂಗಡಿಗೆ ತಲುಪಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ.

ಮಾರ್ಚ್ ೧೪

ಬಂತು. ನನ್ನ ದನಿ, ಫೋನಿನೊಳಗೆ. ಮೊದಲು ಟೈಪ್ ಮಾಡಿದ್ದು ‘ಊಟಕ್ಕೆ ಬನ್ನಿ’. ಅತ್ತೆ ಒಳಗಿನಿಂದ “ಬಂತಾ ಮಾತು?” ಎನ್ನುತ್ತ ಗೋಡೆ ಹಿಡಿದುಕೊಂಡು ಬಂದು ನನ್ನ ಗಂಟಲ ಮೇಲೆ ಕೈಯಿಟ್ಟರು. ನಾನು ಇನ್ನೊಂದು ಮಾತು ಟೈಪ್ ಮಾಡಿದೆ. ದನಿ ಕೇಳಿಸಿತು, ಗಂಟಲು ಅಲ್ಲಾಡಲಿಲ್ಲ. ಅವರು ಕೈ ತೆಗೆದರು.

ರಾತ್ರಿಯವರೆಗೂ ಟೈಪ್ ಮಾಡಿದೆ. ಇವರು ಉತ್ತರ ಕೊಡುವಾಗ ಫೋನು ನೋಡುತ್ತಾರೆ, ನನ್ನನ್ನಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ.

ಮಾರ್ಚ್ ೨೩

ಈ ದನಿಯಲ್ಲಿ ಜಗಳವಾಡಲು ಆಗುವುದಿಲ್ಲ. ನಾನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅತ್ತೆ ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಬೈದರೂ ಕಾದಂಬರಿಯ ಕೊನೆಯ ಪುಟದ ಹಾಗೆ ಮೃದುವಾಗಿ ಬರುತ್ತದೆ. “ಇನ್ನೊಂದು ಸಲ ಬೈಯೇ, ಚೆನ್ನಾಗಿದೆ” ಎಂದರು ಇವತ್ತು.

ಬೆಳಗ್ಗೆ ಹಾಲು ಉಕ್ಕಿತು. ಹಾಲು ಒಲೆಯ ಮೇಲಿತ್ತು, ಫೋನು ನಡುಮನೆಯಲ್ಲಿತ್ತು. ಅತ್ತೆ ಒಲೆ ಆರಿಸಲು ಉರಿಯ ಕಡೆಗೇ ಕೈ ಚಾಚಿದ್ದರು. ಕೈ ತೆಗೀರಿ ಎಂದೆ. ತೆಗೆದರು. ಪಾತ್ರೆಯ ತಳ ಹತ್ತಿತ್ತು, ಉಜ್ಜಿ ಉಜ್ಜಿ ಸಾಕಾಯಿತು.

ಟೀಚರಿಗೆ ಬೇಜಾರಾಗಬಾರದೆಂದು ಊಂ ಅಭ್ಯಾಸ ಶುರು ಮಾಡಿದ್ದೇನೆ.

ಮಾರ್ಚ್ ೨೮

ಕಂಪನಿಯ ವಕೀಲೆ ಬಂದಿದ್ದರು. ಕಾರ್ಡಣ್ಣನ ಕೇಸು ಮುಂದಿನ ವಾರ. ನನ್ನ ಫೋನು ಮಾತಾಡಿದ್ದು ಕೇಳಿ ಅವರ ಪೆನ್ನು ನಿಂತಿತು. ಇದು ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ. ಬಹಳ ಎಚ್ಚರದಿಂದ ಕೇಳದೆ ಉಳಿದರು. ಕೋರ್ಟಿನಲ್ಲಿ ಇದನ್ನು ಹೊರಗೆ ತೆಗೆಯಬೇಡಿ, ನಿಮಗೇ ಕಷ್ಟ, ಬರೆದು ತೋರಿಸಿ ಸಾಕು ಎಂದು ಹೇಳಿ ಹೋದರು. ಕಂಪನಿ ಮುನಿದರೆ ಹಳೆಯ ಪುಸ್ತಕಗಳ ಪಾಲೂ ನಿಲ್ಲಬಹುದು ಎಂದು ಇವರಿಗೆ ಚಿಂತೆ. ನನಗೂ.

ಏಪ್ರಿಲ್ ೪

ಕೋರ್ಟಿನಲ್ಲಿ ನಡೆದದ್ದನ್ನು ಮರೆಯುವ ಮುಂಚೆ ಬರೆದಿಡಬೇಕು.

ಕಟಕಟೆಯಲ್ಲಿ ನಿಲ್ಲಿಸಿ, ಆ ಕಾರ್ಡಿನಲ್ಲಿರುವುದು ನಿಮ್ಮ ದನಿಯೇ ಎಂದು ನ್ಯಾಯಾಧೀಶರು ಕೇಳಿದರು. ನಾನು ಸ್ಲೇಟನ್ನು ಎತ್ತಿದೆ. ದೂರದಿಂದ ಅವರಿಗೆ ಅಕ್ಷರ ಕಾಣಲಿಲ್ಲ. ಗುಮಾಸ್ತ ಬಂದು ಓದಿ ಹೇಳಿದ, ತಪ್ಪಾಗಿ ಹೇಳಿದ. ಇನ್ನೊಂದು ಪ್ರಶ್ನೆಗೂ ಹಾಗೇ ಆಯಿತು. ತಡೆಯಲಾರದೆ ಫೋನು ತೆಗೆದೆ. ‘ಹೌದು, ನನ್ನದೇ’ ಎಂದು ಅದು ಹೇಳುತ್ತಿದ್ದ ಹಾಗೆ ವಕೀಲೆ ಎದ್ದು ನಿಂತರು. ಆ ದನಿ ಕಂಪನಿಯ ಸ್ವತ್ತು, ಅನುಮತಿಯಿಲ್ಲದೆ ತಯಾರಾದದ್ದು, ಇಲ್ಲಿ ಕೇಳಿಸುವಂತಿಲ್ಲ ಎಂದರು. ಪಾಪ, ಅವರ ಕೆಲಸ ಅದು. ಕಾರ್ಡಣ್ಣ ಅತ್ತ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದ.

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅದಿಲ್ಲದೆ ನೀವು ಮಾತಾಡ್ತೀರಾ?”

ಫ್ಯಾನು ನಿಲ್ಲಿಸಲು ಹೇಳಿದರು. ನಾನು ಮಾತಾಡಿದೆ. ಒಂದೊಂದು ವಾಕ್ಯಕ್ಕೂ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಆ ಫೈಲನ್ನು ಕೊಟ್ಟವರು ಯಾರು ಎಂದು ಕೇಳಿದಾಗ ಕಾರ್ಡಣ್ಣನನ್ನು ತೋರಿಸಿದೆ. ಕದ್ದದ್ದೆಂದು ಗೊತ್ತಿದ್ದೂ ತಗೊಂಡಿರಾ ಎಂದರು. ಹೌದು ಎಂದೆ.

“ಕಾರ್ಡಣ್ಣ ನನ್ನನ್ನ ಕೇಳದೆ ನನ್ನ ದನಿ ಮಾರಿದ್ರು. ಅದು ತಪ್ಪೇ, ದೂರು ಹಿಂದಕ್ಕೆ ತಗೊಳ್ಳಲ್ಲ. ಆದರೆ ಕಂಪನಿ ಹತ್ರ ನಾನು ಕೇಳಿದೆ. ನನ್ನ ದನಿಯಲ್ಲಿ ನನ್ನ ಅತ್ತೆನ ಊಟಕ್ಕೆ ಕರೀಬೇಕು ಅಂತ ಕೇಳಿದೆ. ಕಳ್ಳರ ಭಯಕ್ಕೆ ಕೊಡಲಿಲ್ಲ. ಕೊನೆಗೆ ಕೊಟ್ಟಿದ್ದು ಕಳ್ಳನೇ.”

ಇದಿಷ್ಟು ಹೇಳಲು ತುಂಬ ಹೊತ್ತು ಹಿಡಿಯಿತು. ಹೊರಗೆ ಬಂದ ಮೇಲೆ ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ವಕೀಲೆ ನನ್ನ ಮುಖ ನೋಡದೆ ಹೋದರು. ಮುಂದೇನಾಗುತ್ತದೋ.

ಏಪ್ರಿಲ್ ೨೨

ಕಾರ್ಡಣ್ಣನಿಗೆ ದಂಡವಾಯಿತು, ಜೈಲಿಲ್ಲ. ನ್ಯಾಯಾಧೀಶರು ಕಂಪನಿಗೆ ಆದೇಶವೇನೂ ಕೊಡಲಿಲ್ಲ. ಆ ಪ್ರಶ್ನೆ ಈ ಕೇಸಿನದಲ್ಲವಂತೆ. ಆದರೆ ಆ ದಿನ ಅಲ್ಲಿದ್ದ ಯಾರೋ ಪತ್ರಿಕೆಗೆ ಬರೆದರು, ನಾಲ್ಕು ಜನ ಕಂಪನಿಯನ್ನು ಕೇಳಿದರು. ಇವತ್ತು ಅನುಮತಿ ಬಂತು. ಆ ದನಿಯನ್ನು ಒಂದೇ ಫೋನಿನಲ್ಲಿ ಇಟ್ಟುಕೊಳ್ಳಬಹುದು. ಮನೆಮಾತಿಗೆ, ಆಸ್ಪತ್ರೆಗೆ ಬಳಸಬಹುದು. ಅಚ್ಚಾದ ಯಾವ ಪುಸ್ತಕವನ್ನೂ ಅದರಿಂದ ಓದಿಸಕೂಡದು.

ಅತ್ತೆಯ ಡಬ್ಬಿಯ ಕಾರ್ಡನ್ನು ಪೊಲೀಸರಿಗೆ ಒಪ್ಪಿಸಿದ್ದೇವೆ. ಅತ್ತೆಗೆ ಹೊತ್ತು ಹೋಗುವುದಿಲ್ಲ. ಹಾಗಾಗಿ ಮಧ್ಯಾಹ್ನ ನಾನೇ ಒಂದಿಷ್ಟು ಓದುತ್ತೇನೆ. ಕಾಗೆ ಓದಿದ ಹಾಗಿದೆ ಎನ್ನುತ್ತಾರೆ. ನಿಲ್ಲಿಸಿದರೆ, ಕತೆಯ ಹುಡುಗಿ ಮನೆ ಬಿಟ್ಟು ಹೋದಳೋ ಇಲ್ಲವೋ ಅಷ್ಟು ಹೇಳಿ ನಿಲ್ಲಿಸು ಎನ್ನುತ್ತಾರೆ.

ಮೇ ೧೩

ಕಂಪನಿಯಲ್ಲಿ ಮೀಟಿಂಗು. ನನ್ನ ದನಿಯಲ್ಲಿ ಯಂತ್ರ ಓದಿದ ಹೊಸ ಕಾದಂಬರಿಯ ಮೊದಲ ಅಧ್ಯಾಯ ಕೇಳಿಸಿದರು. ಚೆನ್ನಾಗಿದೆ, ಸುಳ್ಳೇಕೆ. ನನ್ನ ಹೆಸರು ಹಾಕಲು ಎರಡು ಬೇಡಿಕೆ ಇಟ್ಟೆ. ಗುರುತಿಲ್ಲದ ನನ್ನ ದನಿಯ ಒಂದು ಪ್ರತಿ ನನ್ನ ವಶದಲ್ಲಿ ಇರಬೇಕು. ಕಣ್ಣು ಕಾಣದವರಿಗೆ ನೆಟ್ಟು, ಪಾಸ್‌ವರ್ಡ್ ಬೇಡದ, ಒಂದೇ ಗುಂಡಿಯ ಪುಸ್ತಕ ಬೇಕು. ಎರಡನೆಯದಕ್ಕೆ ಗದ್ದಲವೆದ್ದಿತು. ಬೀಗ ತೆಗೆದ ಮಾರನೇ ದಿನವೇ ಕಾರ್ಡಿನಂಗಡಿಗಳಲ್ಲಿ ಇರುತ್ತದೆ ಎಂದರು. ಇರಬಹುದು ಎಂದೆ. ಬೀಗವಿದ್ದಾಗಲೂ ಇತ್ತು, ಆಗ ಒಳಗೆ ಬರಲಾಗದೆ ನಿಂತವರು ನಮ್ಮತ್ತೆ ಒಬ್ಬರೇ ಎಂದೆ. ವಾದ ಮಧ್ಯಾಹ್ನದವರೆಗೂ ಎಳೆಯಿತು. ಮಾತು ಕೇಳಲೆಂದು ಎಲ್ಲರೂ ಕುರ್ಚಿ ಮುಂದೆ ಎಳೆದುಕೊಂಡು ಕೂತಿದ್ದರು, ನೀರು ಇಡಲು ಯಾರಿಗೂ ನೆನಪಾಗಲಿಲ್ಲ.

ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದನ್ನು ಒಂದು ಪುಸ್ತಕಕ್ಕೆ ಮಾತ್ರ ಮಾಡಿ ನೋಡೋಣ ಎಂದರು. ಹಾಗಾದರೆ ನನ್ನ ಸಹಿಯೂ ಒಂದೇ ಪುಸ್ತಕಕ್ಕೆ ಎಂದು ಹಾಕಿ ಬಂದೆ. ಮ್ಯಾನೇಜರು ಬಸ್ಸಿನವರೆಗೂ ಬಂದು ಬೀಳ್ಕೊಟ್ಟರು.

ಜೂನ್ ೨

ಅಡುಗೆಮನೆಯಲ್ಲಿದ್ದಾಗ ಫೋನು ಬಂತು. ಒದ್ದೆ ಕೈಯಲ್ಲೇ ಎತ್ತಿದೆ. ಹೊಸದಾಗಿ ಪುಸ್ತಕ ಓದಲು ಸೇರಿದವಳಂತೆ, ಚೆಂದದ ದನಿ. ನಾಳೆ ಕರಾರಿಗೆ ಸಹಿ ಹಾಕಬೇಕು, ಯಂತ್ರದ ದನಿಯ ಷರತ್ತು ನೋಡಿ ಹೆದರಿಕೆಯಾಯಿತು, ಹಾಕಬಹುದೇ ಎಂದು ಕೇಳಿದಳು. ಷರತ್ತನ್ನು ಓದಿಸಿಕೊಂಡೆ. ‘ಮುಂದೆ ಬರುವ ಯಾವುದೇ ಯಂತ್ರ’ ಎಂಬುದನ್ನು ಹೊಡೆದುಹಾಕಿಸು, ಒಂದು ಪ್ರತಿ ನಿನ್ನ ಹತ್ತಿರ ಇರಲಿ, ಕಾಯಿಲೆ ಬಿದ್ದರೆ ಬಳಸುವ ಹಕ್ಕನ್ನು ಮೊದಲೇ ಬರೆಸಿಕೋ, ಆಮೇಲೆ ಕೇಳಿದರೆ ಹಣ್ಣು ತರುತ್ತಾರೆ ಎಂದೆಲ್ಲ ಹೇಳಿದೆ. ಬೇಡವೆಂದು ಓಡಿ ಬರಬೇಡ, ಕಳ್ಳರ ಭಯವೂ ನಿಜವೇ ಎಂದೂ ಹೇಳಿದೆ. ಒಲೆ ಸಣ್ಣಗೆ ಮಾಡಿ ಬಂದು ಮತ್ತಷ್ಟು ಹೇಳಿದೆ.

ಅವಳು ಎಲ್ಲ ಕೇಳಿಸಿಕೊಂಡು, ತುಂಬ ಉಪಕಾರವಾಯಿತು ಎಂದಳು. ಆಮೇಲೆ ಸಂಕೋಚದಿಂದ, “ಇನ್ನು ಮೇಡಂಗೆ ಒಂಚೂರು ಫೋನ್ ಕೊಡ್ತೀರಾ?” ಎಂದಳು.

“ನಾನೇ ಮಾತಾಡ್ತಿರೋದು” ಎಂದೆ.

ಪೆನ್ನು ತರುತ್ತೇನೆ, ಇನ್ನೊಂದು ಸಲ ಮೊದಲಿನಿಂದ ಹೇಳುತ್ತೀರಾ ಎಂದು ಕೇಳಿದಳು. ಹೇಳಿದೆ.